ಹಣ ಹಾಕುವ ಮೊದಲು ಹಿಂಪಡೆಯುವ ದಾರಿ: ಹೊಸ ಹೂಡಿಕೆದಾರರಿಗೊಂದು ಮಾರ್ಗದರ್ಶಿ

ನನಗೆ ಮೊದಲ ಸಂಬಳ ಬಂದ ವರ್ಷ, ಸಂಬಳದ ಖಾತೆಯಿದ್ದ ಬ್ಯಾಂಕ್ ಶಾಖೆಗೆ ಆರ್‌ಡಿ ತೆರೆಯಲೆಂದು ಹೋಗಿದ್ದೆ. ಕೌಂಟರಿನ ಪಕ್ಕದ ಮೇಜಿನಲ್ಲಿ ಕುಳಿತಿದ್ದವರು, “ಆರ್‌ಡಿಗಿಂತ ಇದು ಒಳ್ಳೆಯದು ಸರ್, ವರ್ಷಕ್ಕೆ 24 ಸಾವಿರ ಕಟ್ಟಿದರೆ ಸಾಕು” ಎಂದು ಹೇಳಿ, ಪೆನ್ಸಿಲಿನಲ್ಲಿ ಗುರುತು ಹಾಕಿದ್ದ ಎಂಟು ಕಡೆ ಸಹಿ ಮಾಡಿಸಿಕೊಂಡರು. ಮೂರು ಕಂತು ಕಟ್ಟಿದ ಮೇಲೆ ಅಮ್ಮನ ಶಸ್ತ್ರಚಿಕಿತ್ಸೆಗೆ ಹಣ ಬೇಕಾಯಿತು. ಅದೇ ಮೇಜಿನ ಮುಂದೆ ಹೋಗಿ ಕೇಳಿದಾಗಲೇ ಅದು ಠೇವಣಿಯಲ್ಲ, 15 ವರ್ಷದ ಜೀವ ವಿಮಾ ಪಾಲಿಸಿ ಎಂಬುದು ನನಗೆ ತಿಳಿದದ್ದು. ಕಟ್ಟಿದ್ದ 72 ಸಾವಿರದಲ್ಲಿ ಅರ್ಧಕ್ಕಿಂತ ಕಡಿಮೆ ಕೈಗೆ ಬಂತು.

ಆ ಪಾಲಿಸಿಯನ್ನು ಕೊನೆಯವರೆಗೆ ಕಟ್ಟಿದ್ದರೂ ನನಗೆ ತೋರಿಸಿದ್ದ ಮೊತ್ತ ಸುಮಾರು 5.44 ಲಕ್ಷ. 3.6 ಲಕ್ಷ ಕಟ್ಟಿ 5.44 ಲಕ್ಷ ಪಡೆಯುವುದು ದೊಡ್ಡ ಲಾಭದಂತೆ ಕಾಣುತ್ತದೆ, ಆದರೆ 15 ವರ್ಷಕ್ಕೆ ಹಂಚಿ ಲೆಕ್ಕ ಹಾಕಿದರೆ ಅದು ವರ್ಷಕ್ಕೆ ಶೇ. 5ರ ಗಳಿಕೆ ಮಾತ್ರ. ಅದೇ 24 ಸಾವಿರವನ್ನು ಪ್ರತಿ ವರ್ಷ ಏಪ್ರಿಲ್ ಆರಂಭದಲ್ಲಿ ಶೇ. 7.1ರ ಬಡ್ಡಿಯ ಪಿಪಿಎಫ್‌ಗೆ (ಸಾರ್ವಜನಿಕ ಭವಿಷ್ಯ ನಿಧಿಗೆ) ಕಟ್ಟಿದರೆ 15 ವರ್ಷದ ಕೊನೆಗೆ ಸುಮಾರು 6.5 ಲಕ್ಷವಾಗುತ್ತದೆ. ಒಂದು ಲಕ್ಷಕ್ಕೂ ಹೆಚ್ಚಿನ ಈ ವ್ಯತ್ಯಾಸಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು, ಸಹಿ ಹಾಕುವಾಗ “ನಡುವೆ ಬೇಕಾದರೆ ಈ ಹಣ ಹೇಗೆ ವಾಪಸ್ ಬರುತ್ತದೆ?” ಎಂಬ ಒಂದೇ ಒಂದು ಪ್ರಶ್ನೆಯನ್ನು ನಾನು ಕೇಳಲಿಲ್ಲವೆಂಬುದು. ಹೊಸದಾಗಿ ಹಣ ಹೂಡುವವರು ಎಷ್ಟು ಬಡ್ಡಿ ಎಂದು ಕೇಳುವ ಮೊದಲು ಈ ಪ್ರಶ್ನೆಯನ್ನು ಕೇಳಬೇಕೆಂಬುದೇ ಈ ಲೇಖನದ ಉದ್ದೇಶ. ಈಗಾಗಲೇ ಇಂಥ ಪಾಲಿಸಿಗೆ ಸಹಿ ಹಾಕಿದ್ದರೆ, ಪಾಲಿಸಿ ಪತ್ರ ಕೈಸೇರಿದ 30 ದಿನಗಳೊಳಗೆ ಕಾರಣ ಕೊಡದೆಯೇ ಅದನ್ನು ಹಿಂದಿರುಗಿಸುವ ಅವಕಾಶವಿದೆ. ಸಣ್ಣಪುಟ್ಟ ಕಡಿತಗಳ ನಂತರ ಹಣ ಮರಳುತ್ತದೆ.

ಮೊದಲು ಒಂದು ಹಾಳೆ, ಆಮೇಲೆ ಅರ್ಜಿ

ಯಾವ ಯೋಜನೆ ಎಂದು ಹುಡುಕುವ ಮೊದಲು ಒಂದು ಹಾಳೆಯ ಮೇಲೆ ನಿಮ್ಮ ಮುಂದಿನ ಖರ್ಚುಗಳನ್ನು ಬರೆದು, ಪ್ರತಿಯೊಂದರ ಎದುರು ಅದು ಬೇಕಾಗುವ ವರ್ಷವನ್ನು ಹಾಕಿ. ತಂಗಿಯ ಮದುವೆ ಎರಡು ವರ್ಷದೊಳಗಿರಬಹುದು, ಊರಿನ ಮನೆಯ ಛಾವಣಿ ನಾಲ್ಕು ವರ್ಷಕ್ಕಿರಬಹುದು, ಮಗುವಿನ ಕಾಲೇಜು 14 ವರ್ಷ ದೂರವಿರಬಹುದು. ಎರಡು ಮೂರು ವರ್ಷದೊಳಗೆ ಬೇಕಾಗುವ ಹಣ ಬ್ಯಾಂಕ್ ಅಥವಾ ಅಂಚೆ ಕಚೇರಿಯನ್ನು ಬಿಟ್ಟು ಹೊರಗೆ ಹೋಗಬಾರದು. ಏಳು ವರ್ಷಕ್ಕಿಂತ ಆಚೆ ಬೇಕಾಗುವ ಹಣದ ಒಂದು ಭಾಗ ಷೇರು ಮಾರುಕಟ್ಟೆಯ ಏರಿಳಿತವನ್ನು ತಡೆದುಕೊಳ್ಳಬಲ್ಲದು. ನಡುವಿನ ಅವಧಿಯ ಬಗ್ಗೆ ಗೊಂದಲವಿದ್ದರೆ ಸುರಕ್ಷತೆಯ ಕಡೆಗೆ ವಾಲುವುದು ಲೇಸು.

ಕ್ರೆಡಿಟ್ ಕಾರ್ಡಿನ ಬಾಕಿ ಇದ್ದರೆ ಅದನ್ನು ತೀರಿಸುವುದೇ ನಿಮ್ಮ ಮೊದಲ ಹೂಡಿಕೆ. ತಿಂಗಳಿಗೆ ಶೇ. 3ರಿಂದ 3.75ರಷ್ಟು ಬಡ್ಡಿ ಹಾಕುವ ಸಾಲವನ್ನು ಇಟ್ಟುಕೊಂಡು ವರ್ಷಕ್ಕೆ ಶೇ. 7 ಕೊಡುವ ಠೇವಣಿ ತೆರೆಯುವುದರಲ್ಲಿ ಅರ್ಥವಿಲ್ಲ. ಅದಾದ ಮೇಲೆ ಮನೆಯ ಆರು ತಿಂಗಳ ಖರ್ಚಿನಷ್ಟು ಹಣವನ್ನು ತುರ್ತಿಗೆಂದು ಪ್ರತ್ಯೇಕವಾಗಿ ಇಡಬೇಕು. ಕುಟುಂಬಕ್ಕೆ ಆರೋಗ್ಯ ವಿಮೆ, ನಿಮ್ಮ ದುಡಿಮೆಯನ್ನೇ ನಂಬಿದವರಿದ್ದರೆ ಶುದ್ಧ ಟರ್ಮ್ ವಿಮೆ (ಅವಧಿಯೊಳಗೆ ಸಾವು ಸಂಭವಿಸಿದರೆ ಮಾತ್ರ ಹಣ ಕೊಡುವ ಜೀವ ವಿಮೆ), ಇವೆರಡನ್ನು ಹೂಡಿಕೆಯ ಜೊತೆ ಬೆರೆಸದೆ ಬೇರೆಯಾಗಿಯೇ ಕೊಳ್ಳಿ. ಸಂಬಳದಾರರಿಗೆ ಭವಿಷ್ಯ ನಿಧಿ ಎಂಬ ದೊಡ್ಡ ಉಳಿತಾಯ ಆಗಲೇ ನಡೆಯುತ್ತಿರುತ್ತದೆ. ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ. 12 ನಿಮ್ಮಿಂದ ಕಡಿತವಾಗುತ್ತದೆ, 2023–24 ಮತ್ತು 2024–25ರಲ್ಲಿ ಅದಕ್ಕೆ ಶೇ. 8.25 ಬಡ್ಡಿ ಸಿಕ್ಕಿದೆ. ಕೆಲಸ ಬದಲಿಸುವಾಗ ಆ ಹಣವನ್ನು ಬಿಡಿಸಿಕೊಳ್ಳದೆ ಹೊಸ ಸಂಸ್ಥೆಯ ಖಾತೆಗೆ ವರ್ಗಾಯಿಸಿಕೊಳ್ಳಿ.

ಬ್ಯಾಂಕ್ ಠೇವಣಿ: ಹೆಸರನ್ನಲ್ಲ, ಪರವಾನಗಿಯನ್ನು ನೋಡಿ

ದಿನವೂ ಅಷ್ಟಿಷ್ಟು ಉಳಿಸುವ ಅಭ್ಯಾಸವನ್ನು ಬ್ಯಾಂಕಿನೊಳಗೆ ತಂದದ್ದು ನಮ್ಮ ಕರಾವಳಿ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ಮನೆ ಮತ್ತು ಅಂಗಡಿಯ ಬಾಗಿಲಿಗೇ ಬಂದು ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸತೊಡಗಿತು. ಇಂದು ಮ್ಯೂಚುವಲ್ ಫಂಡಿನಲ್ಲಿ ಸಿಪ್ ಎಂದು ಎಲ್ಲರೂ ಹೇಳುವ ಕಂತಿನ ಶಿಸ್ತು ನಮ್ಮ ಅಜ್ಜ ಅಜ್ಜಿಯರಿಗೆ ಪಿಗ್ಮಿಯ ರೂಪದಲ್ಲಿ ಗೊತ್ತಿದ್ದದ್ದೇ ಆಗಿದೆ. ಆದ್ದರಿಂದ ಹೂಡಿಕೆ ಎಂಬುದು ನಮ್ಮಂಥವರಿಗಲ್ಲ ಎಂದು ಹಿಂಜರಿಯಬೇಕಾಗಿಲ್ಲ.

ಬ್ಯಾಂಕಿನಲ್ಲಿಟ್ಟ ಹಣಕ್ಕೆ ಠೇವಣಿ ವಿಮೆಯ ರಕ್ಷಣೆಯಿದೆ. 1993ರಿಂದ 1 ಲಕ್ಷಕ್ಕೆ ಸೀಮಿತವಾಗಿದ್ದ ಈ ರಕ್ಷಣೆಯನ್ನು 2020ರ ಫೆಬ್ರವರಿ 4ರಿಂದ 5 ಲಕ್ಷಕ್ಕೆ ಏರಿಸಲಾಗಿದೆ. ಈ 5 ಲಕ್ಷ ಎಂಬುದು ಒಂದು ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರರಿಗೆ ಅನ್ವಯಿಸುವ ಮಿತಿ. ಅದೇ ಬ್ಯಾಂಕಿನ ಎಷ್ಟು ಶಾಖೆಗಳಲ್ಲಿ ನಿಮ್ಮ ಖಾತೆಗಳಿದ್ದರೂ ಎಲ್ಲವನ್ನೂ ಒಟ್ಟಿಗೆ ಲೆಕ್ಕ ಹಾಕುತ್ತಾರೆ, ಮತ್ತು ಆ ಮಿತಿಯೊಳಗೆ ಅಸಲೂ ಬಡ್ಡಿಯೂ ಸೇರಿರುತ್ತವೆ. ಹೀಗಾಗಿ ಒಂದು ಸಣ್ಣ ಬ್ಯಾಂಕಿನಲ್ಲಿ ಸರಿಯಾಗಿ 5 ಲಕ್ಷ ಇಡುವುದಕ್ಕಿಂತ, ಬೆಳೆಯುವ ಬಡ್ಡಿಗೂ ಜಾಗ ಬಿಟ್ಟು 4 ಅಥವಾ ನಾಲ್ಕೂವರೆ ಲಕ್ಷ ಇಡುವುದು ಜಾಣತನ.

ಇಲ್ಲಿ ಬಹಳ ಜನ ಎಡವುವ ಜಾಗವೊಂದಿದೆ. ನಮ್ಮ ಪಟ್ಟಣಗಳ ಮುಖ್ಯರಸ್ತೆಗಳಲ್ಲಿ ಸಹಕಾರಿ ಬ್ಯಾಂಕು, ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿ ಇವು ಮೂರೂ ಒಂದೇ ರೀತಿಯ ಕೌಂಟರು, ಒಂದೇ ರೀತಿಯ ಪಾಸ್‌ಬುಕ್ಕು ಇಟ್ಟುಕೊಂಡು ಅಕ್ಕಪಕ್ಕದಲ್ಲಿರುತ್ತವೆ. ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದ ಸಹಕಾರಿ ಬ್ಯಾಂಕಿನ ಠೇವಣಿಗೆ 5 ಲಕ್ಷದ ವಿಮೆ ಸಿಗುತ್ತದೆ, ಆದರೆ ಬ್ಯಾಂಕಿಂಗ್ ಪರವಾನಗಿಯಿಲ್ಲದ ಪತ್ತಿನ ಸಂಘದ ಠೇವಣಿಗೆ ಅದು ಸಿಗುವುದಿಲ್ಲ. ಚೆನ್ನಾಗಿ ನಡೆಯುತ್ತಿರುವ, ಸದಸ್ಯರ ಹಿತ ಕಾಯುವ ಸಂಘಗಳು ನಮ್ಮಲ್ಲಿ ಅನೇಕ ಇವೆ, ಅವುಗಳನ್ನು ಅನುಮಾನದಿಂದ ನೋಡಿ ಎಂದು ನಾನು ಹೇಳುತ್ತಿಲ್ಲ. ಆದರೆ ಒಂದು ಒಂದೂವರೆ ಶೇಕಡಾ ಹೆಚ್ಚು ಬಡ್ಡಿಗಾಗಿ ನಿವೃತ್ತಿಯ ಹಣವನ್ನೆಲ್ಲ ವಿಮೆಯಿಲ್ಲದ ಒಂದೇ ಕಡೆ ಇಟ್ಟು, ಆಮೇಲೆ ತಮ್ಮ ಹಣಕ್ಕಾಗಿಯೇ ವರ್ಷಗಟ್ಟಲೆ ಅಲೆದ ಹಿರಿಯರನ್ನು ನಾನು ಹತ್ತಿರದಿಂದ ಬಲ್ಲೆ. “ಡಿಐಸಿಜಿಸಿ ವಿಮೆ ಇದೆಯೇ?” ಎಂದು ಕೌಂಟರಿನಲ್ಲಿ ನೇರವಾಗಿ ಕೇಳಿ. ವಿಮೆಗೆ ಒಳಪಟ್ಟ ಬ್ಯಾಂಕುಗಳ ಪಟ್ಟಿ ಈ ವಿಮೆ ಕೊಡುವ ಡಿಐಸಿಜಿಸಿ ನಿಗಮದ ಜಾಲತಾಣದಲ್ಲಿಯೂ ಸಿಗುತ್ತದೆ.

ಎಫ್‌ಡಿ ಮಾಡುವಾಗ 3 ಲಕ್ಷವನ್ನು ಒಂದೇ ರಸೀದಿಯಲ್ಲಿ ಇಡುವ ಬದಲು ಒಂದೊಂದು ಲಕ್ಷದ ಮೂರು ಠೇವಣಿಗಳಾಗಿ ಮಾಡಿಸಿ. ಮುದ್ದತಿಗೆ ಮೊದಲೇ ಮುರಿದರೆ ಸಾಮಾನ್ಯವಾಗಿ ಬಡ್ಡಿಯಲ್ಲಿ ಅರ್ಧದಿಂದ ಒಂದು ಶೇಕಡಾ ಕಡಿತವಾಗುತ್ತದೆ. ಹೀಗೆ ಹಂಚಿಟ್ಟಿದ್ದರೆ 60 ಸಾವಿರದ ತುರ್ತಿಗೆ ಮೂರು ಲಕ್ಷವನ್ನೂ ಮುರಿಯಬೇಕಾಗುವುದಿಲ್ಲ. ಬಡ್ಡಿಗೆ ನಿಮ್ಮ ಆದಾಯದ ಹಂತಕ್ಕೆ ತಕ್ಕಂತೆ ತೆರಿಗೆ ಇರುವುದರಿಂದ, ಶೇ. 30ರ ಹಂತದಲ್ಲಿರುವವರಿಗೆ ಶೇ. 7ರ ಠೇವಣಿ ಕೈಗೆ ಕೊಡುವುದು ಶೇ. 4.9 ಅಥವಾ ಅದಕ್ಕಿಂತ ತುಸು ಕಡಿಮೆ. ಬೆಲೆಯೇರಿಕೆಯನ್ನು ನೆನೆದರೆ ದೀರ್ಘಾವಧಿಯ ಹಣವೆಲ್ಲ ಎಫ್‌ಡಿಯಲ್ಲೇ ಇರಬಾರದು ಎನ್ನುವುದಕ್ಕೆ ಇದೇ ಕಾರಣ.

ಅಂಚೆ ಕಚೇರಿ ಮತ್ತು ಪಿಪಿಎಫ್

ಸಣ್ಣ ಉಳಿತಾಯ ಯೋಜನೆಗಳ ಹಿಂದೆ ಕೇಂದ್ರ ಸರ್ಕಾರವೇ ನಿಂತಿರುವುದರಿಂದ ಅಲ್ಲಿ 5 ಲಕ್ಷದ ಮಿತಿಯ ಮಾತೇ ಬರುವುದಿಲ್ಲ. ಬಡ್ಡಿ ದರಗಳನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಪ್ರಕಟಿಸುತ್ತದೆ. 2025ರ ಕೊನೆಯ ತ್ರೈಮಾಸಿಕದಲ್ಲಿ ಪಿಪಿಎಫ್‌ಗೆ ಶೇ. 7.1, ಐದು ವರ್ಷದ ರಾಷ್ಟ್ರೀಯ ಉಳಿತಾಯ ಪತ್ರಕ್ಕೆ ಶೇ. 7.7, ಸುಕನ್ಯಾ ಸಮೃದ್ಧಿಗೆ ಮತ್ತು ಹಿರಿಯ ನಾಗರಿಕರ ಯೋಜನೆಗೆ ಶೇ. 8.2 ದರವಿತ್ತು. ಖಾತೆ ತೆರೆಯುವ ದಿನ ಚಾಲ್ತಿಯಲ್ಲಿರುವ ದರವನ್ನು ಅಂಚೆ ಕಚೇರಿಯ ಫಲಕದಲ್ಲಿ ನೋಡಿಕೊಳ್ಳಿ. ಉಳಿತಾಯ ಪತ್ರದಲ್ಲಿ ಕೊಂಡ ದಿನದ ದರವೇ ಕೊನೆಯವರೆಗೆ ಇರುತ್ತದೆ, ಪಿಪಿಎಫ್ ಮತ್ತು ಸುಕನ್ಯಾದಲ್ಲಿ ದರ ಬದಲಾದಂತೆ ನಿಮ್ಮ ಬಡ್ಡಿಯೂ ಬದಲಾಗುತ್ತದೆ.

ಪಿಪಿಎಫ್ 15 ವರ್ಷದ ಖಾತೆ, ವರ್ಷಕ್ಕೆ ಕನಿಷ್ಠ 500 ರೂಪಾಯಿ, ಗರಿಷ್ಠ 1.5 ಲಕ್ಷ ಕಟ್ಟಬಹುದು, ಬಡ್ಡಿಗೆ ತೆರಿಗೆಯಿಲ್ಲ. ಪ್ರತಿ ತಿಂಗಳ 5ನೇ ತಾರೀಖಿನ ನಂತರದಿಂದ ತಿಂಗಳ ಕೊನೆಯವರೆಗೆ ಖಾತೆಯಲ್ಲಿರುವ ಕನಿಷ್ಠ ಮೊತ್ತಕ್ಕೆ ಮಾತ್ರ ಆ ತಿಂಗಳ ಬಡ್ಡಿ ಸಿಗುತ್ತದೆ ಎಂಬ ನಿಯಮವನ್ನು ಮರೆಯಬೇಡಿ. 1.5 ಲಕ್ಷವನ್ನು ಏಪ್ರಿಲ್ 5ರ ಬದಲು 10ರಂದು ಕಟ್ಟಿದರೆ ಐದೇ ದಿನದ ತಡಕ್ಕೆ ಸುಮಾರು 887 ರೂಪಾಯಿ ಬಡ್ಡಿ ತಪ್ಪಿಹೋಗುತ್ತದೆ. ಹಿಂಪಡೆಯುವ ದಾರಿಯನ್ನು ನೋಡುವುದಾದರೆ, ಖಾತೆ ತೆರೆದ ಹಣಕಾಸು ವರ್ಷ ಮುಗಿದು ಐದು ವರ್ಷ ಕಳೆದ ನಂತರ ಮಾತ್ರ ಒಂದು ಭಾಗವನ್ನು ತೆಗೆಯಬಹುದು, ಅದಕ್ಕೆ ಮೊದಲು ಬೇಕಾದರೆ ಸಾಲದ ಸೌಲಭ್ಯವಿದೆ. ಈ ಬಿಗಿ ಕೆಲವರಿಗೆ ಅಡಚಣೆ ಎನಿಸುತ್ತದೆ. ನನ್ನ ಮಟ್ಟಿಗೆ, ಕೈಗೆ ಸುಲಭವಾಗಿ ಸಿಗದಿರುವುದರಿಂದಲೇ ಆ ಹಣ ಉಳಿದಿದೆ.

ಹತ್ತು ವರ್ಷ ತುಂಬದ ಹೆಣ್ಣುಮಗುವಿದ್ದರೆ ಸುಕನ್ಯಾ ಸಮೃದ್ಧಿಯನ್ನು ತಡಮಾಡದೆ 250 ರೂಪಾಯಿಯಿಂದಲಾದರೂ ಆರಂಭಿಸಿ. 15 ವರ್ಷ ಕಟ್ಟಬೇಕು, 21 ವರ್ಷಕ್ಕೆ ಮುಗಿಯುತ್ತದೆ, ನಡುವೆ ಮಗಳಿಗೆ 18 ತುಂಬಿದಾಗ ಅಥವಾ ಅವಳು ಹತ್ತನೇ ತರಗತಿ ಮುಗಿಸಿದ ಮೇಲೆ ಓದಿಗೆಂದು ಅರ್ಧದವರೆಗೆ ತೆಗೆಯಬಹುದು. ಇವುಗಳಿಗೆ ಕಟ್ಟುವ ಹಣಕ್ಕೆ ತೆರಿಗೆ ವಿನಾಯಿತಿ ಸಿಗುವುದು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. ಹೊಸ ಪದ್ಧತಿಯನ್ನು ಆರಿಸಿಕೊಂಡವರು ಮಾರ್ಚ್ ತಿಂಗಳ ತರಾತುರಿಯಲ್ಲಿ ತೆರಿಗೆಗೆಂದು ಯಾವುದನ್ನೂ ಕೊಳ್ಳಬೇಕಾಗಿಲ್ಲ.

ಚಿನ್ನ ಮತ್ತು ಚೀಟಿ

ಒಡವೆಯನ್ನು ತೊಡುವ ಸಂತೋಷಕ್ಕೆ ಕೊಳ್ಳಿ, ಅದನ್ನು ಹೂಡಿಕೆಯೆಂದು ಲೆಕ್ಕ ಹಿಡಿಯಬೇಡಿ. ಕೊಳ್ಳುವಾಗ ಕೊಟ್ಟ ಮಜೂರಿ, ವೇಸ್ಟೇಜ್ ಮತ್ತು ಶೇ. 3ರ ಜಿಎಸ್‌ಟಿ ಮಾರುವಾಗ ಮರಳಿ ಬರುವುದಿಲ್ಲ. ಚೀಟಿಯ ವಿಷಯದಲ್ಲಿ, 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಾಯಿತವಾದ ಚೀಟಿಗೂ ಬೀದಿಯಲ್ಲಿ ಪರಿಚಯದವರು ನಡೆಸುವ ಚೀಟಿಗೂ ಅಜಗಜಾಂತರವಿದೆ. ರಾಜ್ಯ ಸರ್ಕಾರದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ. ಕೈಚೀಟಿ ಕಟ್ಟಿ, ನಡೆಸುವವರು ರಾತ್ರೋರಾತ್ರಿ ಊರು ಬಿಟ್ಟರೆ ನಿಮ್ಮ ಬಳಿ ಉಳಿಯುವುದು ಸಣ್ಣ ಪುಸ್ತಕವೊಂದೇ.

ಮ್ಯೂಚುವಲ್ ಫಂಡ್: ಮೊದಲ ಕಂತು, ಮೊದಲ ವಾಪಸಾತಿ

ತುರ್ತು ನಿಧಿಯೂ ಹತ್ತಿರದ ಖರ್ಚಿನ ಹಣವೂ ಒಂದು ನೆಲೆಗೆ ಬಂದ ಮೇಲಷ್ಟೇ, ಅನೇಕರ ಹಣವನ್ನು ಒಟ್ಟುಗೂಡಿಸಿ ಷೇರು ಮುಂತಾದವುಗಳಲ್ಲಿ ಹೂಡುವ ಮ್ಯೂಚುವಲ್ ಫಂಡಿಗೆ ಬನ್ನಿ. ಪ್ಯಾನ್, ಆಧಾರ್ ಮತ್ತು ನಿಮ್ಮದೇ ಹೆಸರಿನ ಬ್ಯಾಂಕ್ ಖಾತೆ ಇದ್ದರೆ ಕೆವೈಸಿ (ಗುರುತಿನ ದೃಢೀಕರಣ) ಮೊಬೈಲಿನಲ್ಲೇ ಮುಗಿಯುತ್ತದೆ. ಮೂರರಲ್ಲೂ ಹೆಸರು ಒಂದೇ ರೀತಿ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ. ನಮ್ಮಲ್ಲಿ ಇನಿಷಿಯಲ್ ಹಿಂದೆ ಮುಂದೆ ಆಗಿರುವುದು, ಊರಿನ ಹೆಸರು ಒಂದರಲ್ಲಿದ್ದು ಇನ್ನೊಂದರಲ್ಲಿಲ್ಲದಿರುವುದು ಸಾಮಾನ್ಯವಾದ್ದರಿಂದ ಹೆಚ್ಚಿನ ಅರ್ಜಿಗಳು ಸಿಕ್ಕಿಹಾಕಿಕೊಳ್ಳುವುದು ಇಲ್ಲಿಯೇ.

ನೂರಾರು ಫಂಡುಗಳ ಪಟ್ಟಿ ನೋಡಿ ಕಂಗೆಡಬೇಡಿ. ದೇಶದ 50 ದೊಡ್ಡ ಕಂಪನಿಗಳ ಸೂಚ್ಯಂಕವಾದ ನಿಫ್ಟಿ 50 ಅನ್ನು ಹಾಗೆಯೇ ಅನುಸರಿಸುವ ಒಂದು ಇಂಡೆಕ್ಸ್ ಫಂಡ್ ಮೊದಲ ಹೂಡಿಕೆಗೆ ಸಾಕು. ಪ್ರತಿ ಫಂಡಿನಲ್ಲೂ ರೆಗ್ಯುಲರ್ ಮತ್ತು ಡೈರೆಕ್ಟ್ ಎಂಬ ಎರಡು ಬಗೆಗಳಿರುತ್ತವೆ. 2013ರ ಜನವರಿಯಿಂದ ಲಭ್ಯವಿರುವ ಡೈರೆಕ್ಟ್ ಬಗೆಯಲ್ಲಿ ಏಜೆಂಟರ ಕಮಿಷನ್ ಇರುವುದಿಲ್ಲವಾದ್ದರಿಂದ ವಾರ್ಷಿಕ ವೆಚ್ಚ ಕಡಿಮೆ. ಈ ವೆಚ್ಚ ಚಿಕ್ಕದಾಗಿ ಕಂಡರೂ ಚಕ್ರಬಡ್ಡಿಯಂತೆಯೇ ಬೆಳೆಯುತ್ತದೆ. ಉದಾಹರಣೆಗಷ್ಟೇ ಹೇಳುವುದಾದರೆ, 1 ಲಕ್ಷ ರೂಪಾಯಿ ವರ್ಷಕ್ಕೆ ಶೇ. 12ರಂತೆ 20 ವರ್ಷ ಬೆಳೆದರೆ ಸುಮಾರು 9.65 ಲಕ್ಷವಾಗುತ್ತದೆ, ಒಂದು ಶೇಕಡಾ ವೆಚ್ಚದಲ್ಲಿ ಹೋಗಿ ಶೇ. 11ರಂತೆ ಬೆಳೆದರೆ ಸುಮಾರು 8.06 ಲಕ್ಷ. ನಿಮಗೆ ನಿಜವಾಗಿ ಸಲಹೆ ಕೊಟ್ಟು, ಮಾರುಕಟ್ಟೆ ಬಿದ್ದಾಗ ಧೈರ್ಯ ಹೇಳುವ ವಿತರಕರಿದ್ದರೆ ಆ ಕಮಿಷನ್ ವ್ಯರ್ಥವೆಂದು ನಾನು ಹೇಳಲಾರೆ. ಆದರೆ ಯಾವುದಕ್ಕೆ ಎಷ್ಟು ಕೊಡುತ್ತಿದ್ದೀರಿ ಎಂಬುದು ನಿಮಗೆ ತಿಳಿದಿರಬೇಕು.

ಸಂಬಳ ಬಂದ ಎರಡು ದಿನಕ್ಕೆ ಕಡಿತವಾಗುವಂತೆ ಸಣ್ಣ ಮೊತ್ತದ ಸಿಪ್ ಆರಂಭಿಸಿ. ಎರಡು ಮೂರು ಕಂತು ಹೋದ ಮೇಲೆ, ನಾನು ಎಲ್ಲರಿಗೂ ಹೇಳುವ ಒಂದು ಕೆಲಸ ಮಾಡಿ: 500 ರೂಪಾಯಿಯಷ್ಟನ್ನು ವಾಪಸ್ ತೆಗೆಯಲು ಅರ್ಜಿ ಹಾಕಿ. ಎಲ್ಲಿ ಒತ್ತಬೇಕು, ಒಟಿಪಿ ಯಾವ ಸಂಖ್ಯೆಗೆ ಬರುತ್ತದೆ, ಎಷ್ಟು ದಿನಕ್ಕೆ ಬ್ಯಾಂಕ್ ಖಾತೆಗೆ ಹಣ ಜಮೆಯಾಗುತ್ತದೆ, ಎಷ್ಟು ಕಡಿತವಾಯಿತು ಎಂಬುದೆಲ್ಲ ಆಗ ಕಣ್ಣಿಗೆ ಕಾಣುತ್ತದೆ. ಕಷ್ಟಕಾಲದಲ್ಲಿ ಆಸ್ಪತ್ರೆಯ ವರಾಂಡದಲ್ಲಿ ಕುಳಿತು ಇದನ್ನೆಲ್ಲ ಮೊದಲ ಬಾರಿಗೆ ಕಲಿಯುವ ಸ್ಥಿತಿ ಯಾರಿಗೂ ಬರಬಾರದು.

ಬೀಳುವ ದಿನಗಳೂ ಬರುತ್ತವೆ ಎಂಬುದನ್ನು ಮೊದಲೇ ಮನಸ್ಸಿಗೆ ತಂದುಕೊಳ್ಳಿ. 2020ರ ಜನವರಿಯಲ್ಲಿ 42 ಸಾವಿರದ ಮೇಲೆ ಹೋಗಿದ್ದ ಮುಂಬೈ ಷೇರುಪೇಟೆಯ ಸೂಚ್ಯಂಕ ಸೆನ್ಸೆಕ್ಸ್ ಮಾರ್ಚ್ 23ರಂದು 26 ಸಾವಿರಕ್ಕಿಂತ ಕೆಳಗೆ ಮುಗಿಯಿತು, ಆದರೆ ಅದೇ ವರ್ಷದ ಕೊನೆಗೆ 47 ಸಾವಿರ ದಾಟಿತ್ತು. ಈ ಕತೆಯನ್ನು ಮಾತ್ರ ಹೇಳಿ ಧೈರ್ಯ ತುಂಬುವವರು 2008ನ್ನೂ ಹೇಳಬೇಕು. ಆ ವರ್ಷದ ಜನವರಿಯಲ್ಲಿ 21 ಸಾವಿರ ಮುಟ್ಟಿದ್ದ ಸೂಚ್ಯಂಕ ಅಕ್ಟೋಬರ್ ಹೊತ್ತಿಗೆ 8 ಸಾವಿರದ ಆಸುಪಾಸಿಗೆ ಇಳಿಯಿತು. 2010ರ ಕೊನೆಯಲ್ಲಿ ಹಳೆಯ ಎತ್ತರದ ಹತ್ತಿರ ಬಂದು ಮತ್ತೆ ಜಾರಿತು, ಅದನ್ನು ಗಟ್ಟಿಯಾಗಿ ದಾಟಲು 2013ರ ಕೊನೆಯವರೆಗೂ ಕಾಯಬೇಕಾಯಿತು. ಏಳು ವರ್ಷದಾಚೆಯ ಹಣವನ್ನು ಮಾತ್ರ ಇಲ್ಲಿಡಿ ಎಂದು ಆರಂಭದಲ್ಲಿ ಹೇಳಿದ್ದು ಇದಕ್ಕಾಗಿಯೇ. ತೆರಿಗೆಯ ಲೆಕ್ಕ ಸರಳ: ಷೇರು ಆಧಾರಿತ ಫಂಡನ್ನು ಒಂದು ವರ್ಷಕ್ಕಿಂತ ಹೆಚ್ಚು ಇಟ್ಟು ಮಾರಿದರೆ, ಒಂದು ಹಣಕಾಸು ವರ್ಷದಲ್ಲಿ 1.25 ಲಕ್ಷ ಮೀರಿದ ಲಾಭಕ್ಕೆ ಶೇ. 12.5. ಅದಕ್ಕೆ ಮೊದಲೇ ಮಾರಿದರೆ ಲಾಭಕ್ಕೆ ಶೇ. 20. ಈ ದರಗಳು 2024ರ ಜುಲೈ 23ರಿಂದ ಜಾರಿಯಲ್ಲಿವೆ.

ನೇರವಾಗಿ ಷೇರು ಕೊಳ್ಳುವ ಆಸೆಯಿದ್ದರೆ ಒಂದೆರಡು ವರ್ಷ ಫಂಡಿನ ಅನುಭವವಾದ ಮೇಲೆ, ಕಳೆದರೂ ಮನೆಯ ಲೆಕ್ಕ ತಪ್ಪದಷ್ಟು ಹಣದಿಂದ ಮಾಡಿ. ಷೇರಿನ ಮುಂದಿನ ಬೆಲೆಯ ಮೇಲೆ ಒಪ್ಪಂದ ಕಟ್ಟುವ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಕಡೆಗೆ ಮಾತ್ರ ಹೋಗಲೇಬೇಡಿ. 2021–22ರಿಂದ 2023–24ರವರೆಗಿನ ಮೂರು ವರ್ಷಗಳಲ್ಲಿ ಅಲ್ಲಿ ವ್ಯವಹರಿಸಿದ ವೈಯಕ್ತಿಕ ವರ್ತಕರಲ್ಲಿ ಶೇ. 93ರಷ್ಟು ಜನ ನಷ್ಟ ಅನುಭವಿಸಿದ್ದಾರೆಂದು ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯೇ 2024ರಲ್ಲಿ ಪ್ರಕಟಿಸಿದೆ.

ಹಣ ಯಾರ ಖಾತೆಗೆ ಹೋಗುತ್ತಿದೆ?

2019ರ ಜೂನ್‌ನಲ್ಲಿ ದೊಡ್ಡ ಲಾಭದ ಆಸೆ ತೋರಿಸಿ ಜನರಿಂದ ಹಣ ಸಂಗ್ರಹಿಸಿದ್ದ ಬೆಂಗಳೂರಿನ ಐಎಂಎ ಸಂಸ್ಥೆ ಕುಸಿದಾಗ ಸಾವಿರಾರು ಕುಟುಂಬಗಳು ದೂರು ಕೊಡಲು ಸಾಲುಗಟ್ಟಿ ನಿಂತವು. ಅದಕ್ಕೂ ಮೊದಲು ಎಷ್ಟೋ ತಿಂಗಳು ಅವರಿಗೆ “ಲಾಭ” ಸರಿಯಾಗಿಯೇ ಬರುತ್ತಿತ್ತು. ಆದ್ದರಿಂದ, ಪಕ್ಕದ ಮನೆಯವರಿಗೆ ಪ್ರತಿ ತಿಂಗಳು ಹಣ ಬರುತ್ತಿದೆ ಎಂಬುದು ಯಾವುದಕ್ಕೂ ಪುರಾವೆಯಲ್ಲ. ಇಂದಿನ ಮೋಸ ವಾಟ್ಸ್ಆ್ಯಪ್ ಗುಂಪಿನಲ್ಲಿ ಶುರುವಾಗಿ, ನಕಲಿ ಆ್ಯಪಿನಲ್ಲಿ ದೊಡ್ಡ ಲಾಭದ ಅಂಕಿ ತೋರಿಸಿ, ತೆಗೆಯಲು ಹೋದಾಗ “ಮೊದಲು ತೆರಿಗೆ ಕಟ್ಟಿ” ಎನ್ನುವಲ್ಲಿ ಬಯಲಾಗುತ್ತದೆ. ನಿಜವಾದ ಫಂಡ್ ಅಥವಾ ಬ್ರೋಕರ್ ಯಾವ ವ್ಯಕ್ತಿಯ ಸ್ವಂತ ಖಾತೆಗೂ ಹಣ ಹಾಕಿಸಿಕೊಳ್ಳುವುದಿಲ್ಲ, ನಿಮ್ಮ ಹಣವನ್ನು ಬಿಡಿಸಲು ಮತ್ತೆ ಹಣ ಕೇಳುವುದಿಲ್ಲ. ಸಲಹೆಗಾರರು, ಬ್ರೋಕರುಗಳು ಸೆಬಿಯಲ್ಲಿ ನೋಂದಾಯಿತರೇ ಎಂಬುದನ್ನು ಸೆಬಿಯ ಜಾಲತಾಣದಲ್ಲಿ, ಠೇವಣಿ ಸಂಗ್ರಹಿಸುವ ಸಂಸ್ಥೆಯ ಬಗ್ಗೆ ರಿಸರ್ವ್ ಬ್ಯಾಂಕಿನ ಸಚೇತ್ ಪೋರ್ಟಲಿನಲ್ಲಿ ನೋಡಬಹುದು. ಹಣ ಹೋದದ್ದು ಗೊತ್ತಾದ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮೊದಲ ಕೆಲವು ಗಂಟೆಗಳಲ್ಲಿ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು, ಮನೆಯವರು ಏನನ್ನುತ್ತಾರೋ ಎಂಬ ಸಂಕೋಚದಲ್ಲಿ ಒಂದು ರಾತ್ರಿ ಕಳೆದರೂ ಆ ಸಾಧ್ಯತೆ ಕೈಜಾರುತ್ತದೆ.

ಕೊನೆಯ ಕೆಲಸ: ನಾಮಿನಿ ಮತ್ತು ಒಂದು ನೋಟ್‌ಬುಕ್

ಪ್ರತಿ ಖಾತೆಗೂ ನಾಮಿನಿ ಹೆಸರು ಸೇರಿಸಿ. ಮದುವೆಗೆ ಮುಂಚೆ ತೆರೆದ ಖಾತೆಗಳಲ್ಲಿ ಹಳೆಯ ಹೆಸರೇ ಉಳಿದಿದೆಯೇ ಎಂದು ನೋಡಿ. 2025ರ ನವೆಂಬರ್‌ನಿಂದ ಬ್ಯಾಂಕ್ ಠೇವಣಿಗೆ ನಾಲ್ವರವರೆಗೆ ನಾಮಿನಿಗಳನ್ನು ಹೆಸರಿಸಬಹುದು. ನಾಮಿನಿ ಹಣವನ್ನು ಪಡೆದುಕೊಳ್ಳಬಲ್ಲವರು, ಆದರೆ ಅದರ ಒಡೆತನ ಯಾರದೆಂಬುದು ಉಯಿಲು ಅಥವಾ ಉತ್ತರಾಧಿಕಾರದ ಕಾನೂನಿನಿಂದ ತೀರ್ಮಾನವಾಗುತ್ತದೆ. ಹೀಗಾಗಿ ಆಸ್ತಿ ಬೆಳೆದಂತೆ ಉಯಿಲನ್ನೂ ಬರೆದಿಡುವುದು ಒಳ್ಳೆಯದು.

ಆಮೇಲೆ 40 ಪುಟದ ಒಂದು ನೋಟ್‌ಬುಕ್ ತೆಗೆದುಕೊಂಡು, ಒಂದೊಂದು ಪುಟಕ್ಕೆ ಒಂದೊಂದು ಖಾತೆಯಂತೆ ಸಂಸ್ಥೆಯ ಹೆಸರು, ಖಾತೆ ಅಥವಾ ಫೋಲಿಯೊ ಸಂಖ್ಯೆ, ಆರಂಭಿಸಿದ ದಿನ, ಮುಗಿಯುವ ದಿನ, ನಾಮಿನಿ ಯಾರು, ನಡುವೆ ಹಣ ಬೇಕಾದರೆ ಎಲ್ಲಿಗೆ ಹೋಗಿ ಏನು ಕೊಡಬೇಕು ಎಂಬುದನ್ನು ಬರೆಯಿರಿ. ಪಾಸ್‌ವರ್ಡ್ ಮತ್ತು ಪಿನ್ ಮಾತ್ರ ಅದರಲ್ಲಿ ಬೇಡ. ನಮ್ಮ ಮನೆಯಲ್ಲಿ ಆ ಪುಸ್ತಕ ಬೀರುವಿನಲ್ಲಿ ಸೀರೆಗಳ ಕೆಳಗಿನ ಅರೆಯಲ್ಲಿದೆ, ಅದು ಅಲ್ಲಿರುವುದು ನನ್ನ ಹೆಂಡತಿಗೂ ಅಮ್ಮನಿಗೂ ಗೊತ್ತಿದೆ, ಮತ್ತು ಪ್ರತಿ ಏಪ್ರಿಲ್ ಮೊದಲ ಭಾನುವಾರ ಮೂವರೂ ಕುಳಿತು ಅದರ ಪುಟಗಳನ್ನು ತಿರುವಿ ತಿದ್ದುತ್ತೇವೆ.